ರೋಸ್ಟರಿನಲ್ಲಿ ಇಲ್ಲದವಳು

ಜೂನ್ 3, ಸೋಮವಾರ. ಮಧ್ಯಾಹ್ನ

ಜುಲೈ ರೋಸ್ಟರ್ ಬೆಳಿಗ್ಗೆಯೇ ಬಿಟ್ಟೆ. ಊಟದ ಹೊತ್ತಿನವರೆಗೆ ಒಂದೇ ಒಂದು ಫೋನಿಲ್ಲ. ಅಂದರೆ ಎಲ್ಲ ಸರಿಯಾಗಿದೆ. ಈ ಕೆಲಸದ ಹಣೆಬರಹವೇ ಇಷ್ಟು — ಚೆನ್ನಾಗಿ ಮಾಡಿದರೆ ಯಾರೂ ತುಟಿಪಿಟಿಕ್ ಎನ್ನುವುದಿಲ್ಲ, ಒಂದು ಹೆಸರು ಅತ್ತಿತ್ತ ಆದರೆ ಇಡೀ ವಿಮಾನ ಕಂಪನಿ ತಲೆಯ ಮೇಲೆ ಬಂದು ಕೂರುತ್ತದೆ. ಯಾರು ಯಾವ ವಿಮಾನ ಹತ್ತಬೇಕು, ಯಾರಿಗೆ ಯಾವತ್ತು ರಜೆ, ಯಾರು ಯಾವ ಊರಲ್ಲಿ ಇಳಿದು ನಿದ್ದೆ ಮಾಡಬೇಕು... ಪೈಲಟ್‌ಗಳಿಂದ ಹಿಡಿದು ಟ್ರೇ ಕೊಡುವ ಹುಡುಗಿಯರವರೆಗೆ ಎಲ್ಲರ ತಿಂಗಳೂ ನನ್ನ ಕೈಯಲ್ಲಿ. ಗಂಡ ಹೆಂಡತಿ ಇಬ್ಬರೂ ಹಾರುವವರಾದರೆ ಇಬ್ಬರಿಗೂ ಒಂದೇ ದಿನ ರಜೆ ಬೀಳುವಂತೆ ನೋಡುತ್ತೇನೆ. ಹಾಗೆ ಮಾಡೆಂದು ಯಾರೂ ಹೇಳಿಲ್ಲ. ಮಾಡದಿದ್ದರೆ ನನಗೇ ಒಂಥರಾ.

ಆಮೇಲೆ ನೋಟಿಸ್ ನೋಡಿದೆ. ಬಂದರಿನ ಊರಿನಲ್ಲಿ ನಮ್ಮ ಕಂಪನಿಯ ಸ್ಟೇಷನ್ ಮತ್ತೆ ತೆರೆಯುತ್ತಾರಂತೆ. ಅಲ್ಲಿಗೆ ರೋಸ್ಟರ್ ಮಾಡುವವರು ಒಬ್ಬರು ಬೇಕು. ನನ್ನ ಊರು! ಇವರು ಇರುವ ಊರು. ಮಗಳು ಗುಬ್ಬಿ ಇರುವ ಊರು. ಆ ಸ್ಟೇಷನ್ ಮುಚ್ಚಿದಾಗಲೇ ನನ್ನನ್ನು ಈ ಹೆಡ್ಡಾಫೀಸಿಗೆ ಕರೆಸಿದ್ದು, ಒಂದೇ ವರ್ಷ ಮೇಡಂ ಎಂದು ನಂಬಿಸಿ. ಇವರ ಕೆಲಸ ಹಡಗಿನ ಇಂಜಿನ್ ರಿಪೇರಿ, ಸಮುದ್ರ ಬಿಟ್ಟು ಬರುವ ಹಾಗಿಲ್ಲ. ಮಗಳನ್ನು ಇಲ್ಲಿಗೆ ತಂದರೆ ನನ್ನ ಡ್ಯೂಟಿಗೆ ಹೊತ್ತುಗೊತ್ತಿಲ್ಲ, ನೋಡಿಕೊಳ್ಳುವವರು ಯಾರು? ಹಾಗಾಗಿ ಅವಳು ಅಪ್ಪ, ಅಜ್ಜಿಯ ಜೊತೆ. ನಾನು ಬಂದಾಗ ಒಂದನೇ ಕ್ಲಾಸು. ಈಗ ನಾಲ್ಕನೆಯದು.

ಕಾಫಿ ಕೀಬೋರ್ಡ್ ಮೇಲೆ ಚೆಲ್ಲಿತು. ಒರೆಸುತ್ತಾ ಕೂತೆ.

ಜೂನ್ 4, ಮಂಗಳವಾರ

ಬಾಸ್ ಹತ್ತಿರ ಹೋದೆ. ಇಡೀ ಸೆಕ್ಷನ್ ಬೆನ್ನ ಹಿಂದೆ ಅವರನ್ನು 'ನೋಡೋಣ ಸಾರ್' ಎನ್ನುತ್ತದೆ. ಹೆಸರಿಟ್ಟವಳು ನಾನೇ.

"ಸಾರ್, ಬಂದರಿನ ಊರಿನ ಪೋಸ್ಟಿಗೆ ಅಪ್ಲೈ ಮಾಡ್ಬೇಕು ಅಂತಿದೀನಿ."

ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

"ಮಾಡಿ ಮೇಡಂ, ಮಾಡಿ. ನಾನ್ಯಾಕೆ ಬೇಡ ಅನ್ಲಿ? ಆದ್ರೆ ನಾನು ರಿಲೀಸ್ ಕೊಡ್ಬೇಕು ಅಂದ್ರೆ ನಿಮ್ಮ ಸೀಟಿಗೆ ಯಾರಾದ್ರೂ ತಯಾರಾಗ್ಬೇಕಲ್ಲ. ನಿಮ್ಮಂಥೋರು ನಮ್ಮ ಸೆಕ್ಷನ್ನಿನ ಆಸ್ತಿ."

"ಯಾರನ್ನ ಹೇಳಿದ್ರೂ ಕಲಿಸ್ತೀನಿ ಸಾರ್."

"ನೋಡೋಣ, ನೋಡೋಣ."

ಆಸ್ತಿ ಅಂದದ್ದಕ್ಕೆ ಒಳಗೊಳಗೇ ಹಿಗ್ಗಿದೆ. ಸುಳ್ಳು ಯಾಕೆ ಬರೆಯಲಿ. ಆಸ್ತಿಯನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ ಎನ್ನುವುದು ಲಿಫ್ಟಿನಲ್ಲಿ ಇಳಿಯುವಾಗ ಹೊಳೆಯಿತು. ಥತ್, ಎಲ್ಲದರಲ್ಲೂ ಹುಳುಕು ಹುಡುಕುವ ಬುದ್ಧಿ ನನ್ನದು.

ಇವರಿಗೆ ಫೋನ್ ಮಾಡಿದೆ. ಹಿಂದೆ ವರ್ಕ್‌ಶಾಪಿನ ಗಲಾಟೆ. ವಿಷಯ ಹೇಳಿದೆ. ಗಲಾಟೆ ನಿಂತುಹೋಯಿತು. ಲೈನ್ ಕಟ್ಟಾಯಿತು ಎಂದುಕೊಂಡೆ.

"ಇದೀರಾ?"

"ಇದೀನಿ... ನಿಜವಾಗ್ಲೂ ಬರ್ತೀಯಾ?"

"ಸಿಕ್ಕಿದ್ರೆ."

"ಸಿಗದೆ ಏನು? ನಿಂಗೆ ಕೊಡದೆ ಇನ್ಯಾರಿಗೆ ಕೊಡ್ತಾರೆ ಕಣೇ?"

ಗುಬ್ಬಿಗೆ ಈಗಲೇ ಹೇಳಬೇಡಿ ಎಂದೆ. ಆಯ್ತು ಎಂದರು.

ಜೂನ್ 9, ಭಾನುವಾರ

ಹೇಳಿಬಿಟ್ಟಿದ್ದಾರೆ. ಆ ಮನುಷ್ಯನ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ.

ವಿಡಿಯೋ ಕಾಲ್. ಗುಬ್ಬಿ ಫೋನ್ ಹಿಡಿದು ಮನೆಯೆಲ್ಲ ಓಡಿದಳು, ನನಗೆ ತಲೆ ತಿರುಗಿತು. ಬೀರುವಿನ ಒಂದು ಖಾನೆ ಖಾಲಿ ಮಾಡಿದ್ದಾಳೆ. "ಇದು ನಿನ್ ಬಟ್ಟೆಗೆ. ಅಪ್ಪಂದೆಲ್ಲ ಕೆಳಗೆ ತಳ್ಳಿದೀನಿ." ಹಿಂದಿನಿಂದ ಅತ್ತೆಯ ದನಿ, "ಲೇ, ಮಡಚಿಟ್ಟಿದ್ದನ್ನೆಲ್ಲ ಉಂಡೆ ಮಾಡಿದೀಯಲ್ಲೇ!"

"ಇನ್ನೂ ಗ್ಯಾರಂಟಿ ಇಲ್ಲ ಪುಟ್ಟಾ."

"ನೀನೇ ತಾನೇ ಎಲ್ರನ್ನೂ ಎಲ್ಲೆಲ್ಲಿಗೋ ಕಳಿಸೋದು? ನಿನ್ನನ್ನೂ ಕಳಿಸ್ಕೊ."

ಜೋರಾಗಿ ನಕ್ಕೆ. ಫೋನ್ ಇಟ್ಟ ಮೇಲೆ ಅಳು ಬಂತು. ಅವಳ ತಲೆಗೂದಲ ವಾಸನೆ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಈ ರೂಮಿನಲ್ಲಿ ಬರೀ ಸೋಪಿನ ವಾಸನೆ.

ಜೂನ್ 14, ಶುಕ್ರವಾರ

ನನ್ನ ಸೀಟಿಗೆ ಆರಾಮಯ್ಯನನ್ನು ತಯಾರು ಮಾಡಬೇಕಂತೆ. ದೇವರೇ. ಪಕ್ಕದ ಟೇಬಲ್ಲಿನವನು. ಏನು ಕೇಳಿದರೂ "ಆರಾಮ್ ಮೇಡಂ" ಅನ್ನುವುದರಿಂದ ಆ ಹೆಸರು. ಕೆಟ್ಟವನಲ್ಲ. ಎಲ್ಲರ ಹುಟ್ಟಿದ ದಿನ ನೆನಪಿಟ್ಟುಕೊಳ್ಳುತ್ತಾನೆ, ಎಲ್ಲರನ್ನೂ ನಗಿಸುತ್ತಾನೆ, ಕೆಲಸ ಒಂದು ಮಾತ್ರ ಮಾಡುವುದಿಲ್ಲ. ಅವನ ಪಾಲಿನದನ್ನೂ ನಾನೇ ಮಾಡುವುದು ರೂಢಿಯಾಗಿದೆ. ಅವನು ಮಾಡಿದ್ದನ್ನು ತಿದ್ದುವುದಕ್ಕಿಂತ ಅದೇ ಸುಲಭ.

ಇವತ್ತು ಒಬ್ಬ ಪೈಲಟನ್ನು ಒಂದೇ ಹೊತ್ತಿಗೆ ಎರಡು ವಿಮಾನಕ್ಕೆ ಹಾಕಿದ.

"ಏನಯ್ಯಾ, ಅವರು ಎರಡಾಗಿ ಸೀಳ್ಕೊಂಡು ಹೋಗ್ಬೇಕಾ?"

"ಸೀನಿಯರ್ ಅಲ್ವಾ ಮೇಡಂ, ಮ್ಯಾನೇಜ್ ಮಾಡ್ತಾರೆ."

ಬೈಯಬೇಕೆಂದು ಬಾಯಿ ತೆರೆದವಳು ನಕ್ಕುಬಿಟ್ಟೆ. ಆಮೇಲೆ ಮೆಲ್ಲಗೆ ಹೇಳಿದ, ಅವನೂ ಅದೇ ಪೋಸ್ಟಿಗೆ ಅರ್ಜಿ ಹಾಕುತ್ತಿದ್ದಾನಂತೆ. "ಸಮುದ್ರ, ಗಾಳಿ, ಗಾಳ ಹಾಕ್ಕೊಂಡು ಕೂತ್ರೆ ಮೀನು. ನಂಗೆಲ್ಲಿ ಸಿಗುತ್ತೆ ಬಿಡಿ, ಸುಮ್ನೆ ತಮಾಷೆಗೆ." ಅರ್ಜಿ ತೋರಿಸಿದ. ಸಾಲಿಗೊಂದು ತಪ್ಪು. ತಲೆ ಚಿಟ್ಟು ಹಿಡಿಯಿತು. ಕೆಟ್ಟ ಕೆಲಸ ಕಣ್ಣೆದುರಿಗಿದ್ದರೆ ನನಗೆ ಸುಮ್ಮನಿರಲು ಬರುವುದಿಲ್ಲ, ಅದೊಂದು ರೋಗ. ಕೂತು ಪೂರ್ತಿ ತಿದ್ದಿಕೊಟ್ಟೆ. "ಇದು ನಾನೇನಾ ಮೇಡಂ?" ಎಂದು ಕಣ್ಣರಳಿಸಿದ.

ಜೂನ್ 23, ಭಾನುವಾರ. ಬಸ್ಸಿನಲ್ಲಿ

ಊರಿಂದ ವಾಪಸ್. ಅಕ್ಷರ ಕುಣಿಯುತ್ತಿವೆ.

ನಿನ್ನೆ ಬೆಳಿಗ್ಗೆ ಮನೆ ತಲುಪಿದ್ದು. ತಲುಪಿದ್ದೇ ತಡ ಫೋನ್. ಯಾರಿಗೋ ಜ್ವರ, ಬದಲಿಗೆ ಯಾರನ್ನು ಕಳಿಸಬೇಕು? ಆರಾಮಯ್ಯ ಡ್ಯೂಟಿಯಲ್ಲಿದ್ದ. "ನಾನ್ ಮಾಡಿದ್ರೆ ಹಾಳಾಗುತ್ತೆ ಮೇಡಂ, ನೀವೇ ಹೇಳ್ಬಿಡಿ." ಗುಬ್ಬಿಗೆ ಜಡೆ ಹಾಕುತ್ತಾ ಕುತ್ತಿಗೆಯಲ್ಲಿ ಫೋನ್ ಒತ್ತಿ ಹಿಡಿದು ಹೇಳಿದೆ. ಊಟಕ್ಕೆ ಕೂತಾಗ ಮತ್ತೆ. ಇವರು ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ ಕೂತರು.

ಇವತ್ತು ಬೆಳಿಗ್ಗೆ ಗುಬ್ಬಿ ಪಕ್ಕದಲ್ಲಿ ಉರುಳಿಕೊಂಡು ಕೇಳಿದಳು, "ಅಮ್ಮ, ನಿಮ್ಮನೆಗೆ ಯಾವಾಗ ಹೋಗ್ತೀಯಾ?"

ನಿಮ್ಮನೆ.

ಮಗು ಬೇಕಂತಲೇ ಹೇಳಿದ್ದಲ್ಲ. ಅವಳ ಲೆಕ್ಕದಲ್ಲಿ ಅಮ್ಮನ ಮನೆ ಬೇರೆ ಊರಲ್ಲಿದೆ, ಅಷ್ಟೆ. ಬಸ್ ಹೊರಡುವಾಗ ಮಾತ್ರ ನನ್ನ ದುಪಟ್ಟಾ ಹಿಡಿದು ರಂಪ ಮಾಡಿ ಅತ್ತಳು. ಇವರು ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಆ ಅಳುವೇ ನನಗೀಗ ಸಮಾಧಾನ, ಎಂಥ ತಾಯಿ ನಾನು.

ಜುಲೈ 2, ಮಂಗಳವಾರ

ಇಂಟರ್ವ್ಯೂ ಆಯಿತು. ಚೆನ್ನಾಗಿಯೇ ಆಯಿತು. ಅಲ್ಲಿನ ಸ್ಟೇಷನ್ ಮ್ಯಾನೇಜರ್ ಹೆಂಗಸು, ಚುರುಕು. ಇನ್ನು ನಮ್ಮ ಬಾಸ್ ಬರೆದು ಕಳಿಸುವ ಅಭಿಪ್ರಾಯದ ಮೇಲೆ ಎಲ್ಲ ನಿಂತಿದೆಯಂತೆ.

ಅಕ್ಕನಿಗೆ ಫೋನ್ ಮಾಡಿದೆ. ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೂದಲು ಹಣ್ಣಾಗಿಸಿಕೊಂಡವಳು, ಮಾತು ಸೂಜಿ.

"ಅವನು ನಿನ್ನ ಬಿಡಲ್ಲ ಕಣೇ."

"ಯಾಕೆ ಬಿಡಲ್ಲ?"

"ಕತ್ತೆ ಥರ ದುಡಿಯೋರನ್ನ ಯಾರು ಬಿಡ್ತಾರೆ? ಒಂದ್ ತಿಂಗಳು ಕೆಟ್ಟದಾಗಿ ಮಾಡು. ಅವನೇ ಕೈಮುಗಿದು ಬಸ್ ಹತ್ತಿಸ್ತಾನೆ."

"ನೀನು ಹಾಗೆ ಮಾಡಿದೀಯಾ?"

"ನಂಗೆಲ್ಲಿ ಬರುತ್ತೆ," ಎಂದಳು.

ಜುಲೈ 5, ಶುಕ್ರವಾರ

ಪ್ರಯತ್ನ ಮಾಡಿದೆ. ನಿಜ. ಆಗಸ್ಟ್ ರೋಸ್ಟರ್ ಕೆಡಿಸಲೆಂದೇ ಕೂತೆ. ಬಾಗಿಲ ಕಡೆ ನೋಡಿಕೊಂಡೆ, ಕಳ್ಳತನ ಮಾಡುವವಳ ಹಾಗೆ.

ಒಬ್ಬ ಕ್ಯಾಬಿನ್ ಹುಡುಗನಿದ್ದಾನೆ. ಹೆಂಡತಿಗೆ ಚೊಚ್ಚಲ ಹೆರಿಗೆ. ಆ ವಾರ ಊರಲ್ಲೇ ಇರುವಂತೆ ಮಾಡಿ ಮೇಡಂ ಎಂದು ಫೋನಿನಲ್ಲಿ ಗೋಗರೆದಿದ್ದ. ಮೌಸ್ ಅವನ ಹೆಸರಿನ ಮೇಲೆ ಹೋಗಿ ನಿಂತಿತು. ದೂರದ ವಿಮಾನಕ್ಕೆ ಎಳೆದರೆ ಮುಗಿಯಿತು, ಕೂಗಾಟ ಶುರು, ಬಾಸ್ ಮುಂದೆ ನನ್ನ ಮಾನ ಹರಾಜು. ಎಳೆದೆ. ಅವನ ಹೆಂಡತಿ ನೋವು ತಿನ್ನುತ್ತಾ ಬಾಗಿಲು ನೋಡುವುದು ಕಣ್ಣಿಗೆ ಕಟ್ಟಿತು. ವಾಪಸ್ ತಂದೆ. ಇನ್ನೊಬ್ಬಳ ಹೆಸರು ಹುಡುಕಿದೆ, ಅವಳಿಗೆ ವಯಸ್ಸಾದ ಅಪ್ಪ. ಮತ್ತೊಬ್ಬನಿಗೆ ಮದುವೆ. ಇವರಲ್ಲಿ ಯಾರನ್ನು ಹಾಳು ಮಾಡಲಿ? ಕಂಪನಿಗೆ ಬರೆ ಹಾಕೋಣವೆಂದರೆ ಕಂಪನಿ ಎಲ್ಲಿದೆ ಈ ಪರದೆಯಲ್ಲಿ, ಬರೀ ಮನುಷ್ಯರು.

ಸರಿಯಾಗಿಯೇ ಮಾಡಿ ಮುಗಿಸಿದೆ. ಹಾಳಾಗಿ ಹೋಗಲಿ.

ಜುಲೈ 13, ಶನಿವಾರ. ಬೆಳಿಗ್ಗೆ

ಈಗಷ್ಟೇ ರೂಮಿಗೆ ಬಂದೆ. ಕಾಲು ಊದಿವೆ. ನಿನ್ನೆಯ ಬಿರುಗಾಳಿಗೆ ಅರ್ಧ ವಿಮಾನಗಳು ರದ್ದು, ಜನ ಎಲ್ಲೆಲ್ಲೋ ಸಿಕ್ಕಿಬಿದ್ದರು, ರೋಸ್ಟರ್ ಚಿಂದಿ. ಮೊದಲಿಂದ ಕಟ್ಟಿದೆ. ಆರಾಮಯ್ಯ ಎಲ್ಲರಿಗೂ ಬಿಸ್ಕತ್ತು ತಂದುಕೊಟ್ಟು, "ಆರಾಮ್ ಮೇಡಂ, ಗಾಳಿ ತಾನಾಗೇ ನಿಲ್ಲುತ್ತೆ" ಎಂದ. ನಿಂತಿತು ಕೂಡ.

ಮೇಲಿನ ಮಹಡಿಯ ದೊಡ್ಡವರು ಖುದ್ದಾಗಿ ಇಳಿದು ಬಂದರು. ಕೈಕುಲುಕಿದರು. ಬಾಸ್ ಪಕ್ಕದಲ್ಲಿ ನಿಂತು, "ಇವರಿಲ್ಲ ಅಂದ್ರೆ ನಮ್ಮ ಸೆಕ್ಷನ್ನೇ ಇಲ್ಲ ಸಾರ್" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನು ಇಲ್ಲವೆನ್ನಲು ಅವರಿಗೆ ಬಾಯಿ ಬರುವುದಿಲ್ಲ. ಈಗ ಖಂಡಿತ ಕೊಡುತ್ತಾರೆ. ಮಲಗುತ್ತೇನೆ.

ಜುಲೈ 19, ಶುಕ್ರವಾರ

ಆರಾಮಯ್ಯನಿಗೆ ಸಿಕ್ಕಿದೆ.

ಸಂಜೆ 5

ಬಾಸ್ ರೂಮಿಗೆ ನುಗ್ಗಿದೆ, ಬಾಗಿಲು ತಟ್ಟಲೂ ಇಲ್ಲ.

"ಕೂತ್ಕೊಳ್ಳಿ ಮೇಡಂ. ನೀರು ಕುಡೀರಿ."

"ನೀರು ಬೇಡ ಸಾರ್. ಯಾಕೆ ಅಂತ ಹೇಳಿ."

"ನಿಮ್ಮ ಹತ್ರ ಮುಚ್ಚಿಡೋದೇನಿದೆ. ಅವನನ್ನ ಭೇಷ್ ಅಂತ ಬರ್ದೆ. ಹಾಗೆ ಬರೀದಿದ್ರೆ ಅವನನ್ನ ಯಾರು ತಗೋತಾರೆ ಹೇಳಿ? ನಿಮ್ಮನ್ನ ಪರವಾಗಿಲ್ಲ ಅಂತ ಬರ್ದೆ."

"ಪರವಾಗಿಲ್ಲ?"

"ನಿಜ ಬರೆದಿದ್ರೆ ಅಲ್ಲಿನ ಮ್ಯಾನೇಜರಮ್ಮ ಮಾರನೇ ದಿನಾನೇ ಎತ್ಕೊಂಡು ಹೋಗ್ತಿದ್ರು! ಬಿರುಗಾಳೀಲಿ ನೋಡಿದ್ರಲ್ಲ, ನಿಮ್ಮನ್ನ ಬಿಟ್ಟು ನಾನು ಏನ್ ಮಾಡ್ಲಿ? ಇನ್ಮೇಲೆ ನೀವು ಸೀನಿಯರ್. ಕಿಟಕಿ ಪಕ್ಕದ ಸೀಟು ನಿಮಗೇ. ಮುಂದಿನ ಸಲ ಊರಿಗೆ ಖಂಡಿತ... ನೋಡೋಣ."

ಹೊಗಳುತ್ತಿದ್ದಾರೆ! ಮುಖದಲ್ಲಿ ಕಪಟವೇ ಇಲ್ಲ. ನಾನು ಖುಷಿಪಡುತ್ತೇನೆಂದೇ ಕಾದಿದ್ದಾರೆ. ಇನ್ನೂ ಹೇಸಿಗೆ ಏನೆಂದರೆ, ಒಂದು ಕ್ಷಣ ಖುಷಿ ಆಯಿತು. ಆಮೇಲೆ ಮೈ ಉರಿದುಹೋಯಿತು. "ನನ್ನ ಮಗಳಿಗೆ ಏನು ಹೇಳ್ಲಿ ಸಾರ್? ಅಮ್ಮ ಕೆಲಸ ಚೆನ್ನಾಗಿ ಮಾಡಿದ್ಲು, ಅದಕ್ಕೇ ಬರಲ್ಲ ಅಂತ ಹೇಳ್ಲಾ?" ಎಂದೆ. ದನಿ ಏರಿತ್ತು, ಹೊರಗೆಲ್ಲ ಕೇಳಿಸಿರಬೇಕು. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಜುಲೈ 20

"ಬಿಟ್ಟು ಬಾ," ಎಂದರು ಇವರು.

ವರ್ಕ್‌ಶಾಪಿನಲ್ಲಿ ವರ್ಷಪೂರ್ತಿ ಕೆಲಸ ಇರುವುದಿಲ್ಲ, ನನ್ನ ಸಂಬಳವೇ ಮನೆಗೆ ಆಧಾರ, ಅದು ಅವರಿಗೂ ಗೊತ್ತು. ಆದರೆ ಅದೊಂದೇ ಅಲ್ಲ. ಈಗ ಬಿಟ್ಟರೆ ಇಷ್ಟು ವರ್ಷ ದುಡಿದದ್ದೆಲ್ಲ ನೀರಿಗೆ ಹಾಕಿದ ಹಾಗೆ ಎಂದು ನಾನೇ ಒಪ್ಪಿಕೊಳ್ಳಬೇಕು. ಮುಂದಿನ ಸಲ ಎಂದಿದ್ದಾರಲ್ಲ ಎಂದೆ. ಇವರು ಹೂಂ ಎಂದು ಮಗಳನ್ನು ಕರೆದರು. ಅವಳು ಫೋನಿಗೆ ಬರಲಿಲ್ಲ.

ಆಗಸ್ಟ್ 18, ಭಾನುವಾರ

ಬಹಳ ದಿನ ಬರೆದಿಲ್ಲ. ಬರೆಯಲು ಕೂತರೆ ಬರೀ ಬೈಗುಳ ಬರುತ್ತಿತ್ತು.

ಆರಾಮಯ್ಯ ಹೋದ. ಹೋಗುವಾಗ ಅವನ ಕಣ್ಣಲ್ಲೇ ನೀರು. "ಇದು ನಿಮ್ಮದು ಮೇಡಂ, ನಂಗೆ ಗೊತ್ತು" ಎಂದ. ಬೈಯಲೂ ಆಗಲಿಲ್ಲ. ಹೋದ ಮೊದಲ ವಾರದಲ್ಲೇ ಫೋನ್ — ಅಲ್ಲಿನ ರೋಸ್ಟರ್ ತಲೆಗೆ ಹತ್ತುತ್ತಿಲ್ಲವಂತೆ. ಕಳಿಸು ಎಂದೆ, ನೋಡಿದೆ, ಅಯ್ಯಯ್ಯೋ. ಪೂರ್ತಿ ನಾನೇ ಮಾಡಿ ಕಳಿಸಿದೆ. ಈಗ ದಿನಾ ಅದೇ ಆಗಿದೆ. ನಮ್ಮೂರಿನಿಂದ ಹಾರುವ ಪ್ರತಿ ವಿಮಾನಕ್ಕೂ ಇಲ್ಲಿ ಕೂತು ಜನ ಹೊಂದಿಸುತ್ತೇನೆ.

ಇವತ್ತು ಫೋಟೋ ಕಳಿಸಿದ್ದಾನೆ. ನಮ್ಮನೆ ಜಗಲಿಯಲ್ಲಿ ಕೂತಿದ್ದಾನೆ, ಇವರ ಪಕ್ಕ. ಗುಬ್ಬಿ ಅವನ ಟೋಪಿ ಹಾಕಿಕೊಂಡು ಹಲ್ಲು ಕಿರಿಯುತ್ತಿದ್ದಾಳೆ. ಒಂದು ಕೋರೆಹಲ್ಲು ಬಿದ್ದಿದೆ! ಯಾವಾಗ ಬಿತ್ತು? ಯಾರೂ ಹೇಳಲಿಲ್ಲ ನನಗೆ. "ಮಗಳು ಚೂಟಿ ಮೇಡಂ, ನನ್ನ ಮಾಮ ಅಂತಾಳೆ." ಅವಳ ನಗು ನೋಡುತ್ತಾ ನೋಡುತ್ತಾ ಫೋನಿನ ಚಾರ್ಜ್ ಖಾಲಿಯಾಯಿತು.

ಸೆಪ್ಟೆಂಬರ್ 6, ಶುಕ್ರವಾರ

ಆ ಕ್ಯಾಬಿನ್ ಹುಡುಗ ಬಂದಿದ್ದ. ಹೆಣ್ಣು ಮಗು. ಫೋನಿನಲ್ಲಿ ತೋರಿಸಿದ, ಕೆಂಪಗೆ, ಮುಷ್ಟಿ ಬಿಗಿದುಕೊಂಡಿದೆ. "ನಾನು ಪಕ್ಕದಲ್ಲೇ ಇದ್ದೆ ಮೇಡಂ, ನಿಮ್ಮಿಂದ." ಮೆಟ್ಟಿಲ ಹತ್ತಿರ ಹೋಗಿ ಚೆನ್ನಾಗಿ ಅತ್ತು ಬಂದೆ. ಸಂತೋಷಕ್ಕೋ ಹೊಟ್ಟೆಕಿಚ್ಚಿಗೋ, ಎರಡೂ ಇತ್ತು.

ಆರಾಮಯ್ಯನಿಗೆ ಹೇಳಿದೆ: ಇನ್ನು ನನ್ನಿಂದ ಆಗಲ್ಲ, ನಿಮ್ಮ ಮ್ಯಾನೇಜರಿಗೆ ಇದ್ದದ್ದು ಇದ್ದ ಹಾಗೆ ಹೇಳು, ಕೆಲಸ ಯಾರು ಮಾಡುತ್ತಿರುವುದೆಂದು. ಅವನು ತಕ್ಷಣ ಒಪ್ಪಿದ. "ಹೇಳ್ತೀನಿ ಮೇಡಂ. ಆಗ ಅವರೇ ನಿಮ್ಮನ್ನ ಕರೆಸ್ಕೋತಾರೆ. ನಾನು ಎಲ್ಲಾದ್ರೂ ಆರಾಮಾಗಿರ್ತೀನಿ."

ಒಳ್ಳೆಯವನು. ಒಂದೂವರೆ ತಿಂಗಳ ಮೇಲೆ ಇವತ್ತು ಹೊಟ್ಟೆತುಂಬ ಉಂಡೆ.

ಸೆಪ್ಟೆಂಬರ್ 24, ಮಂಗಳವಾರ

ಹೇಳಿದ್ದಾನೆ. ಆ ಚುರುಕಿನ ಮ್ಯಾನೇಜರ್ ಕೇಳಿ ಬೆರಗಾದರಂತೆ. ಹೆಡ್ಡಾಫೀಸಿನಲ್ಲಿ ಕೂತೇ ಇಷ್ಟು ಚೆನ್ನಾಗಿ ಮಾಡುವುದಾದರೆ ಈ ಸ್ಟೇಷನ್ನಿಗೊಬ್ಬರು ಯಾಕೆ ಬೇಕು ಎಂದರಂತೆ. ಹುದ್ದೆಯನ್ನೇ ತೆಗೆದುಹಾಕಿದ್ದಾರೆ. ಎರಡೂ ಕಡೆಯ ರೋಸ್ಟರ್ ಇನ್ನು ಇಲ್ಲಿಂದಲೇ. ನಾನೇ. ಆರಾಮಯ್ಯನನ್ನು ಅಲ್ಲೇ ಟಿಕೆಟ್ ಕೌಂಟರಿಗೆ ಹಾಕಿದ್ದಾರೆ, ಅಲ್ಲಿ ಜನರ ಜೊತೆ ನಗುನಗುತ್ತಾ ಇದ್ದಾನಂತೆ.

ಬಾಸ್ ಗಾಜಿನ ಫಲಕ ಕೊಟ್ಟರು, ನನ್ನ ಹೆಸರು ಕೆತ್ತಿದ್ದು. "ಉಳಿತಾಯ ಎಷ್ಟು ಗೊತ್ತಾ ಮೇಡಂ? ಎಲ್ಲ ನಿಮ್ಮ ಶ್ರಮ!"

ಮುಂದಿನ ಸಲ ಅನ್ನುವುದೇ ಇಲ್ಲ ಇನ್ನು. ನನ್ನ ಕೈಯಾರೆ ಮುಗಿಸಿದೆ.

ಅಕ್ಟೋಬರ್ 6, ಭಾನುವಾರ. ಸಂಜೆ

ಬಸ್ಸಿನಲ್ಲಿ ಇರಬೇಕಿತ್ತು ಈಗ. ಇಲ್ಲ.

ಎರಡು ದಿನಕ್ಕೆಂದು ಮನೆಗೆ ಬಂದಿದ್ದೆ. ನಮ್ಮದೇ ವಿಮಾನದಲ್ಲಿ ಸೀಟು ಸಿಗಲಿಲ್ಲ, ಬಸ್ಸೇ ಗತಿ. ಮಧ್ಯಾಹ್ನ ಬ್ಯಾಗ್ ಎತ್ತಿಕೊಂಡೆ. ಗುಬ್ಬಿ ಅಂಟಿಕೊಳ್ಳುತ್ತಾಳೆ, ಏನು ಹೇಳಿ ಬಿಡಿಸಿಕೊಳ್ಳಲಿ ಎಂದು ಬೆಳಿಗ್ಗೆಯಿಂದ ಮಾತು ಜೋಡಿಸುತ್ತಿದ್ದೆ. ಗೇಟಿನವರೆಗೆ ಬಂದಳು. "ಟಾಟಾ ಅಮ್ಮ, ಹುಷಾರಾಗಿ ಹೋಗು," ಎಂದಳು, ದೊಡ್ಡವರ ಹಾಗೆ. ಆಟಕ್ಕೆ ಓಡಿದಳು. ತಿರುಗಿ ಕೂಡ ನೋಡಲಿಲ್ಲ.

"ಸದ್ಯ, ಈಗೀಗ ಅಳಲ್ಲಮ್ಮ," ಎಂದರು ಅತ್ತೆ. "ಅಭ್ಯಾಸ ಆಗ್ಬಿಟ್ಟಿದೆ ಮಗೂಗೆ. ನೀನು ನಿಶ್ಚಿಂತೆಯಿಂದ ಹೋಗು." ನನ್ನ ಸಮಾಧಾನಕ್ಕೇ ಹೇಳಿದ್ದು, ಪಾಪ.

ಬಸ್ ಹೊರಟಿತು. ಬಂದರು ದಾಟಿತು. ಅಭ್ಯಾಸ ಆಗಿಬಿಟ್ಟಿದೆ. ಎದ್ದು ನಿಂತೆ, ನಿಲ್ಸಿ ನಿಲ್ಸಿ ಎಂದು ಕಿರುಚಿದೆ, ಕಂಡಕ್ಟರ್ ಹೆದರಿಬಿಟ್ಟ.

"ಏನಾಯ್ತು ಮೇಡಂ, ಹುಷಾರಿಲ್ವಾ?"

"ಇಲ್ಲ," ಎಂದೆ. ಇಳಿದೆ.

ನಡೆದೇ ಬಂದೆ. ನವೆಂಬರ್ ರೋಸ್ಟರ್ ಮುಗಿಸಿಟ್ಟೇ ಬಂದಿದ್ದೇನೆ, ಹಾರುವವರಿಗೆ ತೊಂದರೆಯಿಲ್ಲ. ಡಿಸೆಂಬರಿನದನ್ನು ಯಾರು ಮಾಡುತ್ತಾರೋ ಗೊತ್ತಿಲ್ಲ. ನಾಳೆ ಬಾಸ್‌ಗೆ ಏನು ಹೇಳುತ್ತೇನೋ, ತಿಂಗಳ ಕೊನೆಗೆ ಮನೆ ಹೇಗೆ ನಡೆಯುತ್ತದೋ, ಅದೂ ಗೊತ್ತಿಲ್ಲ. ಹೆದರಿಕೆ ಆಗುತ್ತಿದೆ. ಫೋನ್ ಬಡಕೊಳ್ಳುತ್ತಿದೆ ಬ್ಯಾಗಿನಲ್ಲಿ. ಬಡಕೊಳ್ಳಲಿ.

ಮನೆ ಎದುರು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ರಸ್ತೆಯಾಚೆ ಗುಬ್ಬಿ, ಗೆಳತಿಯರ ಜೊತೆ ಕುಂಟೆಬಿಲ್ಲೆ. ಕೂಗಲು ಬಾಯಿ ಬರುತ್ತಿಲ್ಲ. ನನ್ನನ್ನು ನೋಡಿದರೆ ಓಡಿ ಬರುತ್ತಾಳೋ, ಏನು ಮರೆತೆ ಅಮ್ಮ ಎಂದು ಕೇಳಿ ಮತ್ತೆ ಆಟಕ್ಕೆ ಹೋಗುತ್ತಾಳೋ. ಹಾಗೆ ಹೋದರೆ ಹೋಗಲಿ. ನಾಳೆಯೂ ಇರುತ್ತೇನೆ, ನಾಡಿದ್ದೂ ಇರುತ್ತೇನೆ, ನಿಧಾನಕ್ಕೆ ನನ್ನದೂ ಅಭ್ಯಾಸ ಆಗಲಿ ಅವಳಿಗೆ. ಅವಳ ಸರದಿ ಮುಗಿಯಿತು. ಬಿಲ್ಲೆ ಇತ್ತ ಕಡೆಗೇ ಉರುಳಿ ಬಂತು, ಹೆಕ್ಕಲು ಬರುತ್ತಿದ್ದಾಳೆ, ತಲೆ ಎತ್ತಿ ನನ್ನನ್ನು ನೋಡಿ—